ಬಣ್ಣವೇ ಪಾಠವಾದಾಗ ಯಾವ ಮಾನಿಟರ್?

ಅಭ್ಯಾಸ ಬೋಧನೆಯ ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣಗಳ ಬಳಕೆ’ ಎಂಬ ಒಂದು ಕಲಂ ಇರುತ್ತದೆ. ಉಪಕರಣ ಇತ್ತೇ, ಎಲ್ಲ ಮಕ್ಕಳಿಗೂ ಕಾಣಿಸಿತೇ, ಸಕಾಲದಲ್ಲಿ ತೋರಿಸಿದರೇ ಎಂದು ನಾವು ಬರೆಯುತ್ತೇವೆ. ಆ ಉಪಕರಣದ ಬಣ್ಣ ಸರಿಯಿತ್ತೇ ಎಂದು ಬರೆದ ಟಿಪ್ಪಣಿಯನ್ನು ನಾನು ಹೆಚ್ಚಾಗಿ ಕಂಡಿಲ್ಲ. ಪಟಗಳನ್ನು ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಅಷ್ಟು ಮುಖ್ಯವಾಗಿರಲಿಲ್ಲ. ಬಣ್ಣ ಬಳಿದವರ ಕಣ್ಣೆದುರೇ ಅದು ಕಾಗದದ ಮೇಲೆ ಇರುತ್ತಿತ್ತು. ಈಗ ನಮ್ಮ ಪ್ರಶಿಕ್ಷಣಾರ್ಥಿಗಳು ಚಿತ್ರಪಟ, ಸ್ಲೈಡು, ಮಿಂಚುಪಟ್ಟಿ, ಅಭ್ಯಾಸ ಹಾಳೆ ಎಲ್ಲವನ್ನೂ ಪರದೆಯ ಮೇಲೆ ತಯಾರಿಸುತ್ತಾರೆ. ಪರದೆ ಸುಳ್ಳು ಹೇಳಿದರೆ ಪಾಠವೂ ಸುಳ್ಳು ಹೇಳುತ್ತದೆ. ಆದ್ದರಿಂದ ಕಾಲೇಜಿಗೆ ಅಥವಾ ಮನೆಗೆ ಮಾನಿಟರ್ ಕೊಳ್ಳುವಾಗ ಬಣ್ಣವನ್ನು ಮೊದಲ ಪ್ರಶ್ನೆಯಾಗಿ ಕೇಳಬೇಕು, ಅದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯ ಗಟ್ಟಿಯಾದದ್ದು ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿ ಕಡೆಯ ಒಂದು ಶಾಲೆಯಲ್ಲಿ ಪಾಠ ವೀಕ್ಷಿಸಿದಾಗ. ಏಳನೆಯ ತರಗತಿ, ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠ. ಪ್ರಶಿಕ್ಷಣಾರ್ಥಿ ಬಹಳ ಶ್ರಮಪಟ್ಟಿದ್ದರು. ಅರಿಷಿನದ ಕಾಗದ, ದಾಸವಾಳದ ನೀರು, ನಿಂಬೆರಸ, ಸಾಬೂನು ನೀರು ಎಲ್ಲವೂ ಮೇಜಿನ ಮೇಲಿದ್ದವು. ಹೋಲಿಸಿ ನೋಡಲು ತಮ್ಮ ಲ್ಯಾಪ್‌ಟಾಪಿನಲ್ಲಿ ಸಿದ್ಧಪಡಿಸಿ ಮುದ್ರಿಸಿದ ಬಣ್ಣದ ಪಟ್ಟಿಯನ್ನು ಗುಂಪುಗುಂಪಿಗೆ ಹಂಚಿದ್ದರು. ಸಾಬೂನು ನೀರು ತಗಲಿದ ಅರಿಷಿನದ ಕಾಗದ ಕಂದುಗೆಂಪಾಯಿತು. ಹಾಗೆಯೇ ಆಗಬೇಕು. ಆದರೆ ಪಟ್ಟಿಯಲ್ಲಿ ಅದೇ ಜಾಗದಲ್ಲಿ ಟೊಮೆಟೊದ ಹಾಗೆ ಉರಿಗೆಂಪು ಇತ್ತು. ಒಬ್ಬ ಹುಡುಗಿ ತನ್ನ ಕಾಗದವನ್ನೂ ಪಟ್ಟಿಯನ್ನೂ ಎರಡು ಸಲ ನೋಡಿದಳು. ‘ನಮ್ದು ತಪ್ಪಾಗೇತ್ರೀ’ ಎಂದು ಇನ್ನಷ್ಟು ಸಾಬೂನು ನೀರು ಸುರಿದಳು. ಮತ್ತೂ ಹೊಂದಲಿಲ್ಲ. ಕೊನೆಗೆ ದಾಖಲೆಯ ಹಾಳೆಯಲ್ಲಿ ‘ಕೆಂಪು’ ಎಂದು ಬರೆದಳು.

ಆ ಮಗುವಿನ ಪ್ರಯೋಗ ಸರಿಯಿತ್ತು, ವೀಕ್ಷಣೆಯೂ ಸರಿಯಿತ್ತು. ಆದರೂ ತನ್ನ ಕಣ್ಣನ್ನು ಬಿಟ್ಟು ಮುದ್ರಿತ ಪಟ್ಟಿಯನ್ನು ನಂಬಿದಳು. ವಿಜ್ಞಾನ ಪಾಠ ಕಲಿಸಬೇಕಾದದ್ದಕ್ಕೆ ಇದು ನೇರ ವಿರುದ್ಧ. ಪಾಠದ ನಂತರದ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿಯ ಲ್ಯಾಪ್‌ಟಾಪನ್ನು ತೆರೆದು ನೋಡಿದಾಗ ಕಾರಣ ಸ್ಪಷ್ಟವಾಯಿತು. ಆ ಪರದೆಯಲ್ಲಿ ಕೆಂಪು ಸೊರಗಿ ಕಾಣುತ್ತಿತ್ತು. ಕಂದುಗೆಂಪು ಇನ್ನೂ ಮಂಕಾಗಿ ಕಂಡದ್ದರಿಂದ ಅವರು ಅದರ ತೀವ್ರತೆಯನ್ನು ಹೆಚ್ಚಿಸುತ್ತಾ ಹೋಗಿದ್ದರು. ತಮ್ಮ ಪರದೆಯ ಮೇಲೆ ಸರಿ ಎನಿಸುವವರೆಗೆ ಹೆಚ್ಚಿಸಿದ್ದರು. ಮುದ್ರಣ ಯಂತ್ರಕ್ಕೆ ಪರದೆಯ ಕೊರತೆ ಗೊತ್ತಿಲ್ಲ, ಕಡತದಲ್ಲಿದ್ದ ಅಂಕಿಗಳನ್ನು ಮಾತ್ರ ಗೊತ್ತು. ಅದು ಉರಿಗೆಂಪನ್ನೇ ಮುದ್ರಿಸಿತು.

ಮಕ್ಕಳಿಗೆ ಇಷ್ಟು ಸೂಕ್ಷ್ಮ ಬಣ್ಣಭೇದ ಎಲ್ಲಿ ತಿಳಿಯುತ್ತದೆ ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ಈ ಸೀಮೆಯ ಮಕ್ಕಳ ಬಗ್ಗೆ ಹಾಗೆ ಕೇಳಬಾರದು. ಇದು ಎರೆ ಭೂಮಿ. ಹತ್ತಿ, ಕಡಲೆ, ಜೋಳದ ಜೊತೆಗೆ ಮೆಣಸಿನಕಾಯಿಯನ್ನೂ ಕಂಡ ಮಕ್ಕಳು. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಖಾರದಿಂದಲ್ಲ, ಬಣ್ಣದಿಂದ. ಆ ಬಣ್ಣವನ್ನು ಆಸ್ಟಾ ಎಂಬ ಮಾನದಲ್ಲಿ ಅಳೆಯುತ್ತಾರೆ, ಬಣ್ಣ ಗಾಢವಾದಷ್ಟೂ ಬೆಲೆ ಏರುತ್ತದೆ. ಕಣದಲ್ಲಿ ಒಣಹಾಕಿದ ಕಾಯಿಗಳ ನಡುವೆ ಬಿಳಿಚಿದ್ದನ್ನೂ ಕಪ್ಪಿಟ್ಟಿದ್ದನ್ನೂ ಬೇರ್ಪಡಿಸುವ ಕೆಲಸಕ್ಕೆ ಮಕ್ಕಳೂ ಕೈಹಾಕಿರುತ್ತಾರೆ. ಧಾರವಾಡದ ಕಸೂತಿ, ನವಲಗುಂದದ ಜಮಖಾನೆ, ಇಳಕಲ್ಲಿನ ಸೀರೆ ಇವೆಲ್ಲ ಇವರ ಮನೆಗಳಲ್ಲಿ ಇರುವ ವಸ್ತುಗಳು. ಕೆಂಪಿನಲ್ಲಿ ಎಷ್ಟು ಕೆಂಪು ಇವೆ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರಬಹುದು.

ಬಣ್ಣವೆಂದರೆ ಅವರವರ ರುಚಿ, ಅದಕ್ಕೇನು ಅಳತೆ ಎನ್ನುವವರಿಗೂ ಹುಬ್ಬಳ್ಳಿಯಲ್ಲೇ ಉತ್ತರವಿದೆ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. 1957ರಲ್ಲಿ ಸ್ಥಾಪನೆಯಾದ ಈ ಸಂಘ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಪಡೆದು ಖಾದಿ ಧ್ವಜಗಳನ್ನು ಮಾಡುತ್ತದೆ. ಧ್ವಜದ ಮಾನಕದಲ್ಲಿ ಕೇಸರಿ ಎಂದರೆ ‘ಚೆನ್ನಾಗಿ ಕಾಣುವ ಕೇಸರಿ’ ಎಂದು ಬರೆದಿಲ್ಲ. ಕೇಸರಿ, ಬಿಳಿ, ಹಸಿರು ಪ್ರತಿಯೊಂದನ್ನೂ ಅಂಕಿಗಳಲ್ಲಿ ನಿಗದಿಪಡಿಸಿದೆ. ಆ ಅಂಕಿಗಳ ಹಿಂದಿರುವುದು ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಆಯೋಗ 1931ರಲ್ಲಿ ರೂಪಿಸಿದ ಬಣ್ಣ ಅಳೆಯುವ ಕ್ರಮ. ಮಾನಿಟರುಗಳ ಬಣ್ಣವನ್ನು ಇಂದಿಗೂ ಅಳೆಯುವುದು ಅದೇ ಕ್ರಮದ ತಳಹದಿಯ ಮೇಲೆ. ನಮ್ಮ ಮಗ್ಗುಲಲ್ಲೇ ಬಟ್ಟೆಯ ಬಣ್ಣವನ್ನು ಅಳೆದು ನೋಡುವ ಕೆಲಸ ನಡೆಯುತ್ತಿರುವಾಗ, ಶಿಕ್ಷಕರನ್ನು ತಯಾರು ಮಾಡುವ ನಾವು ಬಣ್ಣವನ್ನು ಅಂದಾಜಿಗೆ ಬಿಡುವುದು ಸರಿಯಲ್ಲ.

ಪರದೆ ಎಲ್ಲಿ ತಪ್ಪುತ್ತದೆ

ಅಗ್ಗದ ಪರದೆಗಳು ಮುಖ್ಯವಾಗಿ ಮೂರು ಬಗೆಯಲ್ಲಿ ತಪ್ಪುತ್ತವೆ.

ಮೊದಲನೆಯದು ಬಣ್ಣದ ಹರವು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಒಪ್ಪಂದವನ್ನು ಮುಂದಿಟ್ಟವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ನಾವು ನೋಡುವ ಹೆಚ್ಚಿನ ಫೋಟೊ, ಸ್ಲೈಡು, ಅಂತರ್ಜಾಲದ ಚಿತ್ರ ಎಲ್ಲವೂ ಈ ಒಪ್ಪಂದದ ಒಳಗೆ ತಯಾರಾಗುತ್ತವೆ. ಪರದೆ ಅದರ ಶೇಕಡ 95ಕ್ಕಿಂತ ಹೆಚ್ಚು ಭಾಗವನ್ನು ತೋರಿಸಿದರೆ ನಮ್ಮ ಕೆಲಸಕ್ಕೆ ಸಾಕು. ಅಗ್ಗದ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ ಹಲವು ಸಲ ‘45% ಎನ್‌ಟಿಎಸ್‌ಸಿ’ ಎಂದಿರುತ್ತದೆ. ಎನ್‌ಟಿಎಸ್‌ಸಿ ಹಳೆಯ ಟಿವಿ ಅಳತೆ. ಅದರಲ್ಲಿ 72% ಎಂದರೆ ಹೆಚ್ಚೂಕಡಿಮೆ ಪೂರ್ಣ ಎಸ್‌ಆರ್‌ಜಿಬಿಯಷ್ಟು ಹರವು. ಹಾಗಾಗಿ 45% ಎಂದರೆ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಇಂಥ ಪರದೆಯಲ್ಲಿ ಮೊದಲು ಸೊರಗುವುದು ಕೆಂಪು, ಕೇಸರಿ, ಎಲೆಹಸಿರು. ಮೇಲೆ ಹೇಳಿದ ಪಟ್ಟಿ ಕೆಟ್ಟದ್ದು ಹೀಗೆ.

ಎರಡನೆಯದು ನೋಟದ ಕೋನ. ಟಿಎನ್ ಬಗೆಯ ಪರದೆಯಲ್ಲಿ ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತದೆ. ವಿಎ ಬಗೆಯದರಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಆದರೆ ಬದಿಯಿಂದ ನೋಡಿದರೆ ನಸುಬಣ್ಣಗಳು ತೊಳೆದಂತಾಗುತ್ತವೆ. ಐಪಿಎಸ್ ಬಗೆಯದು ಬದಿಯಿಂದಲೂ ಬಹುಪಾಲು ಅದೇ ಬಣ್ಣ ತೋರಿಸುತ್ತದೆ. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಒಂದು ಪರದೆಯ ಸುತ್ತ ನಾಲ್ಕೈದು ಪ್ರಶಿಕ್ಷಣಾರ್ಥಿಗಳು ಕೂತು ಪಾಠೋಪಕರಣ ತಯಾರಿಸುತ್ತಾರೆ. ಟಿಎನ್ ಪರದೆಯಾದರೆ ಆ ಐವರು ಐದು ಬಣ್ಣ ನೋಡುತ್ತಾ ಒಂದೇ ಚಿತ್ರದ ಬಗ್ಗೆ ವಾದ ಮಾಡುತ್ತಿರುತ್ತಾರೆ. ಗುಂಪು ಕೆಲಸಕ್ಕೆ ಐಪಿಎಸ್ ಐಷಾರಾಮವಲ್ಲ, ಅವಶ್ಯಕತೆ.

ಮೂರನೆಯದು ಕಾರ್ಖಾನೆಯ ಹೊಂದಾಣಿಕೆ. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಲಿ ಎಂದು ಅನೇಕ ಪರದೆಗಳನ್ನು ಅತಿ ಪ್ರಕಾಶಕ್ಕೆ, ನೀಲಿ ಛಾಯೆಯ ಬಿಳುಪಿಗೆ ಇಟ್ಟಿರುತ್ತಾರೆ. ನಿಜವಾದ ಬಣ್ಣಕ್ಕೂ ತೋರಿಸಿದ ಬಣ್ಣಕ್ಕೂ ಇರುವ ಅಂತರವನ್ನು ಡೆಲ್ಟಾ ಇ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅದು 1ರ ಆಸುಪಾಸಿದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, 2ಕ್ಕಿಂತ ಕಡಿಮೆಯಿದ್ದರೆ ಬಣ್ಣದ ಕೆಲಸಕ್ಕೆ ಒಳ್ಳೆಯದು. ಕೆಲವು ಮಾನಿಟರುಗಳನ್ನು ಕಾರ್ಖಾನೆಯಲ್ಲೇ ಅಳೆದು ಹೊಂದಿಸಿ ಕಳಿಸುತ್ತಾರೆ.

ಯಾವುದಕ್ಕೆ ಹಣ, ಯಾವುದಕ್ಕೆ ಬೇಡ

ಹಣ ಕಡಿಮೆಯಿದ್ದಾಗ ಆದ್ಯತೆಯ ಕ್ರಮ ಮುಖ್ಯ. ನನ್ನ ಕ್ರಮ ಹೀಗಿದೆ. ಮೊದಲು ಐಪಿಎಸ್ ಪರದೆ. ಎರಡನೆಯದು, ವಿವರಪಟ್ಟಿಯಲ್ಲಿ ಎಸ್‌ಆರ್‌ಜಿಬಿ 99% ಅಥವಾ ಅದರ ಸಮೀಪ. ಮೂರನೆಯದು, ಬಣ್ಣಗಳನ್ನು ಒಂದೊಂದಾಗಿ ಹೊಂದಿಸುವ ಅವಕಾಶ ಅಥವಾ ಎಸ್‌ಆರ್‌ಜಿಬಿ ಸ್ಥಿತಿ. ನಾಲ್ಕನೆಯದು, 8 ಬಿಟ್ ಆಳ. 8 ಬಿಟ್ ಎಂದರೆ ಪ್ರತಿ ಮೂಲಬಣ್ಣಕ್ಕೆ 256 ಮೆಟ್ಟಿಲು, ಒಟ್ಟು ಸುಮಾರು 1.67 ಕೋಟಿ ಬಣ್ಣ. 6 ಬಿಟ್ ಪರದೆಗೆ 64 ಮೆಟ್ಟಿಲು ಮಾತ್ರ. ಉಳಿದದ್ದನ್ನು ವೇಗವಾಗಿ ಮಿನುಗಿಸಿ ತುಂಬುತ್ತದೆ. ಶಾಲಾ ಪಟಗಳಿಗೆ ಅದೂ ನಡೆಯುತ್ತದೆ, ಆಯ್ಕೆ ಇದ್ದರೆ ಪೂರ್ಣ 8 ಬಿಟ್ ಒಳ್ಳೆಯದು.

ಗಾತ್ರ 24 ಇಂಚು, ಪೂರ್ಣ ಎಚ್‌ಡಿ ಸಾಕು. ಅದೇ 1920×1080 ಚುಕ್ಕೆಗಳನ್ನು 27 ಇಂಚಿಗೆ ಹರಡಿದರೆ ಅಕ್ಷರಗಳ ಅಂಚು ಒರಟಾಗುತ್ತದೆ. ಕನ್ನಡದ ಒತ್ತಕ್ಷರಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. 27 ಇಂಚೇ ಬೇಕೆಂದರೆ 2560×1440 ಇರುವುದನ್ನು ನೋಡಬೇಕು, ಆಗ ಬೆಲೆಯೂ ಏರುತ್ತದೆ. ಪ್ರಕಾಶ 250 ನಿಟ್ಸ್ ಇದ್ದರೆ ನಮ್ಮ ಕೋಣೆಗಳಿಗೆ ಸಾಕು, ಮೇಲ್ಮೈ ಹೊಳೆಯದ ಬಗೆಯದಾಗಿರಲಿ.

ಇನ್ನು ಯಾವುದಕ್ಕೆ ಹಣ ಬೇಡ? ಆಟ ಆಡುವವರಿಗೆಂದು ಮಾಡಿದ 144 ಅಥವಾ 165 ಹರ್ಟ್ಸ್ ವೇಗಕ್ಕೆ ಬೇಡ. ಬಾಗಿದ ಪರದೆಗೆ ಬೇಡ. ಕಡಿಮೆ ಬೆಲೆಯ ಪರದೆಯ ಮೇಲೆ ಅಂಟಿಸಿದ ಎಚ್‌ಡಿಆರ್ ಚೀಟಿಗೆ ಬೇಡ. ಅದಕ್ಕೆ ಬೇಕಾದ ಪ್ರಕಾಶವಾಗಲಿ ಕಪ್ಪಾಗಲಿ ಈ ಬೆಲೆಯಲ್ಲಿ ಬರುವುದಿಲ್ಲ. ‘ಕೋಟಿಗೆ ಒಂದು’ ಎಂಬಂಥ ಡೈನಾಮಿಕ್ ಕಾಂಟ್ರಾಸ್ಟ್ ಅಂಕಿಗಳನ್ನು ನಂಬಬೇಡಿ. ಐಪಿಎಸ್ ಪರದೆಯ ನಿಜವಾದ ಕಾಂಟ್ರಾಸ್ಟ್ ಸಾಮಾನ್ಯವಾಗಿ ಸಾವಿರಕ್ಕೆ ಒಂದರ ಸುತ್ತಮುತ್ತ ಇರುತ್ತದೆ. ಎಸ್‌ಆರ್‌ಜಿಬಿಗಿಂತ ಬಹಳ ಅಗಲವಾದ ಹರವೂ ನಮಗೆ ಲಾಭವಲ್ಲ. ಸರಿಯಾಗಿ ಹೊಂದಿಸದಿದ್ದರೆ ಅಂಥ ಪರದೆಯಲ್ಲಿ ಸಾಮಾನ್ಯ ಚಿತ್ರಗಳೂ ಜಾತ್ರೆಯ ಬಣ್ಣ ಬಳಿದಂತೆ ಕಾಣುತ್ತವೆ. ಆಗ ತಯಾರಿಸುವವರು ಬಣ್ಣ ತಗ್ಗಿಸುತ್ತಾರೆ, ಮುದ್ರಣ ಸಪ್ಪೆಯಾಗುತ್ತದೆ. ತಪ್ಪು ಅದೇ, ದಿಕ್ಕು ಮಾತ್ರ ಬೇರೆ.

ಮೇಲಿನ ಮೊದಲ ಎರಡು ಗುಣಗಳಿರುವ 24 ಇಂಚಿನ ಮಾನಿಟರುಗಳು ಪ್ರಸಿದ್ಧ ಕಂಪನಿಗಳಲ್ಲೇ ಸುಮಾರು 8,000ದಿಂದ 12,000 ರೂಪಾಯಿಗಳ ನಡುವೆ ಸಿಗುತ್ತವೆ. ಕಾರ್ಖಾನೆಯಲ್ಲೇ ಬಣ್ಣ ಹೊಂದಿಸಿದ ಆಸುಸ್ ಪ್ರೊಆರ್ಟ್, ಬೆನ್‌ಕ್ಯೂ ಪಿಡಿ ಮುಂತಾದ ಸರಣಿಗಳಿಗೆ ಸಾಧಾರಣವಾಗಿ 15,000 ದಾಟುತ್ತದೆ. ಕಂಪ್ಯೂಟರ್ ಕೋಣೆಯ ಎಲ್ಲ ಮಾನಿಟರುಗಳೂ ಅಂಥವೇ ಆಗಬೇಕಿಲ್ಲ. ಕೋಣೆಗೆ ಅಂಥದ್ದು ಒಂದಿದ್ದರೆ ಅದನ್ನು ‘ಒಪ್ಪಿಗೆಯ ಪರದೆ’ ಎಂದು ಇಟ್ಟುಕೊಳ್ಳಬಹುದು. ಎಲ್ಲರೂ ತಮ್ಮ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಲಿ, ಮುದ್ರಣಕ್ಕೆ ಕಳಿಸುವ ಮೊದಲು ಆ ಒಂದು ಪರದೆಯಲ್ಲಿ ನೋಡಿ ಒಪ್ಪಿಕೊಳ್ಳಲಿ.

ಅಂಗಡಿಯಲ್ಲಿ ಹತ್ತು ನಿಮಿಷ

ವಿವರಪಟ್ಟಿ ಓದಿದ ಮೇಲೂ ಕಣ್ಣಿನಿಂದ ನೋಡಬೇಕು. ಒಂದು ಪೆನ್‌ಡ್ರೈವಿನಲ್ಲಿ ನಾಲ್ಕು ಚಿತ್ರ ಒಯ್ಯಿರಿ: ಕಪ್ಪಿನಿಂದ ಬಿಳಿಗೆ ಮೆಲ್ಲಗೆ ಸಾಗುವ ಬೂದು ಪಟ್ಟಿ, ಖಾಲಿ ಬಿಳಿ ಪುಟ, ಹಗಲು ಬೆಳಕಿನಲ್ಲಿ ತೆಗೆದ ಕೆಲವು ಮುಖಗಳ ಫೋಟೊ, ಒಣಮೆಣಸಿನಕಾಯಿಯ ಫೋಟೊ. ಜೊತೆಗೆ ಜೇಬಿನಲ್ಲಿ ಅದೇ ಎರಡು ಮೆಣಸಿನಕಾಯಿಗಳೂ ಇರಲಿ. ಬೂದು ಪಟ್ಟಿಯಲ್ಲಿ ಗೆರೆಗೆರೆ ಕಾಣಬಾರದು, ನಡುವೆ ಹಸಿರು ಅಥವಾ ನಸುಗೆಂಪು ಇಣುಕಬಾರದು. ಬಿಳಿ ಪುಟ ಮೂಲೆಗಳಲ್ಲಿ ಹಳದಿಯಾಗಬಾರದು. ಮುಖಗಳು ಕಾಯಿಲೆಯವರಂತೆ ಕಾಣಬಾರದು. ಬದಿಯಿಂದ, ಮೇಲಿನಿಂದ, ಕೆಳಗಿನಿಂದ ನೋಡಿ. ಕೊನೆಗೆ ಮೆಣಸಿನಕಾಯಿಯನ್ನು ಪರದೆಯ ಪಕ್ಕ ಹಿಡಿಯಿರಿ. ವಸ್ತು ಬೆಳಕನ್ನು ಪ್ರತಿಫಲಿಸುತ್ತದೆ, ಪರದೆ ತಾನೇ ಬೆಳಕು ಸೂಸುತ್ತದೆ. ಎರಡೂ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕೆಂದಿಲ್ಲ. ಆದರೆ ಪಕ್ಕಪಕ್ಕ ಇಟ್ಟ ಎರಡು ಮಾನಿಟರುಗಳಲ್ಲಿ ಯಾವುದು ವಸ್ತುವಿಗೆ ಹತ್ತಿರ ಎಂಬುದು ತಟ್ಟನೆ ತಿಳಿಯುತ್ತದೆ.

ತಂದ ಮೇಲೆ ಹೊಂದಿಸುವುದೂ ಅಷ್ಟೇ ಮುಖ್ಯ. ಅರ್ಧ ಗಂಟೆ ಚಾಲೂ ಇಟ್ಟು ನಂತರ ಬಣ್ಣ ನೋಡಿ. ‘ವಿವಿಡ್’, ‘ಗೇಮ್’, ‘ಸಿನಿಮಾ’ ಸ್ಥಿತಿಗಳನ್ನು ಬಿಟ್ಟು ಎಸ್‌ಆರ್‌ಜಿಬಿ ಅಥವಾ ‘ಸ್ಟ್ಯಾಂಡರ್ಡ್’ ಆರಿಸಿ. ಬಿಳುಪು 6500 ಕೆಲ್ವಿನ್, ಗಾಮಾ 2.2 ಇರಲಿ. ಪ್ರಕಾಶವನ್ನು ಪಕ್ಕದಲ್ಲಿಟ್ಟ ಬಿಳಿ ಹಾಳೆಯಷ್ಟಕ್ಕೆ ಇಳಿಸಿ. ವಿಂಡೋಸ್‌ನಲ್ಲಿರುವ ಬಣ್ಣ ಹೊಂದಿಸುವ ಸಲಕರಣೆ ಉಚಿತ, ಅದನ್ನು ಒಮ್ಮೆ ಪೂರ್ತಿ ಮಾಡಿ. ಸಂಜೆ ಪರದೆಯನ್ನು ಹಳದಿ ಮಾಡುವ ‘ನೈಟ್ ಲೈಟ್’ ಮತ್ತು ಕಣ್ಣಿನ ರಕ್ಷಣೆಯ ಸ್ಥಿತಿ ಬಣ್ಣದ ಕೆಲಸದ ವೇಳೆ ಆರಿರಲಿ. ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿದಾಗ ಕಪ್ಪು ಬೂದಿಯಂತೆ ಕಂಡರೆ ಕಂಪ್ಯೂಟರ್ 16ರಿಂದ 235ರವರೆಗಿನ ಟಿವಿ ಅಳತೆ ಕಳಿಸುತ್ತಿರಬಹುದು, ಅದನ್ನು 0ಯಿಂದ 255ಕ್ಕೆ ಬದಲಿಸಬೇಕು. ಕಿಟಕಿ ಪರದೆಯ ಎದುರಿಗೂ ಬೇಡ, ಹಿಂದಕ್ಕೂ ಬೇಡ, ಪಕ್ಕಕ್ಕೆ ಇರಲಿ. ಹಸಿರು ಬಳಿದ ಗೋಡೆಯ ಕೋಣೆಯಲ್ಲಿ ಯಾವ ಪರದೆಯ ಬಣ್ಣವನ್ನೂ ಸರಿಯಾಗಿ ಅಳೆಯಲಾಗದು.

ಬಣ್ಣ ಅಳೆಯುವ ಉಪಕರಣವೂ ಸಿಗುತ್ತದೆ. ಅದರ ಬೆಲೆ ಈ ಮಾನಿಟರಿಗಿಂತ ಹೆಚ್ಚಾಗಬಹುದು. ಆದರೆ ಅದು ದಿನವೂ ಬೇಕಾದ ವಸ್ತುವಲ್ಲ, ಎರಡು ಮೂರು ತಿಂಗಳಿಗೊಮ್ಮೆ ಬಳಸುವಂಥದ್ದು. ಹುಬ್ಬಳ್ಳಿ-ಧಾರವಾಡದ ನಾಲ್ಕೈದು ಶಿಕ್ಷಣ ಕಾಲೇಜುಗಳು ಸೇರಿ ಒಂದನ್ನು ಕೊಂಡು ಸರದಿಯಲ್ಲಿ ಬಳಸಬಹುದು. ಅದಕ್ಕೆ ಬೇಕಾದ ಆರ್ಗಿಲ್, ಡಿಸ್‌ಪ್ಲೇಕಾಲ್ ತಂತ್ರಾಂಶಗಳು ಉಚಿತವಾಗಿವೆ.

ಆಕ್ಷೇಪಗಳಿಗೆ

‘ನಿಜವಸ್ತು ಇರುವಾಗ ಪರದೆ ಯಾಕೆ?’ ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ದಾಸವಾಳದ ಹೂ ಅಂಗಳದಲ್ಲಿ ಇರುವಾಗ ಅದರ ಫೋಟೊ ತೋರಿಸುವುದು ಸೋಮಾರಿತನ. ಶಿರಗುಪ್ಪಿಯ ಎರೆಮಣ್ಣು ಹೊಲದಲ್ಲಿದೆ, ಕೈಯಲ್ಲಿ ಹಿಡಿಯಲಿ. ಆದರೆ ಕೆಮ್ಮಣ್ಣು, ಜಂಬಿಟ್ಟಿಗೆ ಮಣ್ಣು, ಪ್ರಾಕೃತಿಕ ನಕ್ಷೆಯ ಎತ್ತರದ ಛಾಯೆಗಳು, ಅಯೋಡಿನ್ ತಗಲಿದ ಪಿಷ್ಟದ ನೀಲಿಗಪ್ಪು, ಎಲೆಯಲ್ಲಿ ಪೋಷಕಾಂಶದ ಕೊರತೆಯ ಗುರುತು ಇವುಗಳಿಗೆ ಚಿತ್ರ ಬೇಕಾಗುತ್ತದೆ. ಅಲ್ಲಿ ಬಣ್ಣ ಅಲಂಕಾರವಲ್ಲ, ಅದೇ ವಿಷಯ.

‘ಸಂಸ್ಥೆಯಲ್ಲಿ ಹಣವಿಲ್ಲ’ ಎಂಬುದು ಇನ್ನೊಂದು ಆಕ್ಷೇಪ. ಹಣವಿಲ್ಲದ ಕಡೆ ಏನನ್ನೂ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹೇಗೂ ಕೊಳ್ಳುವಾಗ ಕೊಟೇಶನ್ ಕರೆಯುವ ಪತ್ರವನ್ನು ಬದಲಿಸೋಣ ಎನ್ನುತ್ತಿದ್ದೇನೆ. ‘ಎಲ್‌ಇಡಿ ಮಾನಿಟರ್, 22 ಇಂಚು’ ಎಂದಷ್ಟೇ ಬರೆದರೆ ಎಲ್ಲಕ್ಕಿಂತ ಅಗ್ಗದ್ದೇ ಬರುತ್ತದೆ, ನಿಯಮದ ಪ್ರಕಾರ ಅದನ್ನೇ ಕೊಳ್ಳಬೇಕಾಗುತ್ತದೆ. ‘ಐಪಿಎಸ್, ಎಸ್‌ಆರ್‌ಜಿಬಿ ಕನಿಷ್ಠ 95%, ಬಣ್ಣ ಹೊಂದಿಸುವ ಸೌಲಭ್ಯ’ ಎಂಬ ಒಂದು ಸಾಲು ಸೇರಿಸಿದರೆ ಆ ಗುಣದೊಳಗೆ ಕಡಿಮೆ ಬೆಲೆಯದು ಬರುತ್ತದೆ. ಆ ಸಾಲು ಬರೆಯಲು ಖರ್ಚಿಲ್ಲ.

ಮೂರನೆಯ ಆಕ್ಷೇಪ ತೂಕದ್ದು. ಒಳ್ಳೆಯ ಮಾನಿಟರಿನಲ್ಲಿ ಸರಿ ಕಂಡರೂ ಶಾಲೆಯ ಪ್ರೊಜೆಕ್ಟರ್ ಅದನ್ನು ಕೆಡಿಸುತ್ತದಲ್ಲ? ಹೌದು, ಕೆಡಿಸಬಹುದು. ಮುದ್ರಣದಲ್ಲೂ ಪರದೆಯ ಕೆಲವು ಹೊಳೆವ ಹಸಿರು, ನೀಲಿಗಳು ಶಾಯಿಯಲ್ಲಿ ಬರುವುದೇ ಇಲ್ಲ. ಹಾಗಾಗಿಯೇ ಮೊದಲ ಕೊಂಡಿ ಸರಿಯಿರಬೇಕು. ಮೂಲ ಕಡತ ಸರಿಯಿದ್ದರೆ ಮುಂದಿನ ತಪ್ಪು ಎಲ್ಲಿ ಆಯಿತೆಂದು ಹುಡುಕಬಹುದು. ಮೂಲವೇ ತಪ್ಪಾದರೆ ಹುಡುಕಲು ಆಧಾರವೇ ಇರುವುದಿಲ್ಲ. ಪೂರ್ತಿ ಪಟ ಮುದ್ರಿಸುವ ಮೊದಲು ಅಂಗೈ ಅಗಲದ ಮಾದರಿಯೊಂದನ್ನು ಮುದ್ರಿಸಿ, ನಿಜವಸ್ತುವಿನ ಪಕ್ಕ ಹಗಲು ಬೆಳಕಿನಲ್ಲಿ ಹಿಡಿದು ನೋಡುವುದು ಒಳ್ಳೆಯ ರೂಢಿ.

ಬಣ್ಣ ಸರಿಯಾದರೂ ಅದೊಂದನ್ನೇ ನಂಬಿ ಪಾಠ ಕಟ್ಟಬಾರದು. ಕೆಂಪು-ಹಸಿರು ಭೇದ ಕಾಣದ ಮಕ್ಕಳು, ಅದರಲ್ಲೂ ಗಂಡುಮಕ್ಕಳು, ಯಾವ ತರಗತಿಯಲ್ಲೂ ಇರಬಹುದು. ಬಣ್ಣದ ಜೊತೆಗೆ ಹೆಸರು, ಗೆರೆ, ಚುಕ್ಕೆ, ಅಂಕಿಗಳಲ್ಲಿ ಒಂದಾದರೂ ಇರಲಿ.

ನಮ್ಮ ಪ್ರಶಿಕ್ಷಣ ಕಾರ್ಯಕ್ರಮಕ್ಕೆ ನಾನು ಸೂಚಿಸುವುದು ಮೂರು ಸಣ್ಣ ಬದಲಾವಣೆ. ವೀಕ್ಷಣಾ ಪುಸ್ತಕದ ಬೋಧನೋಪಕರಣದ ಕಲಂನಲ್ಲಿ ‘ಬಣ್ಣ ವಸ್ತುವಿಗೆ ಹೊಂದಿದೆಯೇ’ ಎಂಬ ಒಂದು ಸಾಲು ಸೇರಿಸೋಣ. ಬಣ್ಣವೇ ವಿಷಯವಾದ ಉಪಕರಣಗಳನ್ನು ಒಪ್ಪಿಗೆಯ ಪರದೆಯಲ್ಲಿ ನೋಡದೆ ಶಾಲೆಗೆ ಒಯ್ಯದಿರೋಣ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪಟ್ಟಿಯ ಬಣ್ಣಕ್ಕೂ ಪ್ರಯೋಗದ ಬಣ್ಣಕ್ಕೂ ತಾಳೆಯಾಗದಿದ್ದರೆ ‘ನೀನು ಕಂಡದ್ದನ್ನೇ ಬರೆ, ಪಟ್ಟಿಯನ್ನು ಆಮೇಲೆ ಪರೀಕ್ಷಿಸೋಣ’ ಎಂದು ಹೇಳುವ ಅಭ್ಯಾಸವನ್ನು ಪ್ರತಿ ಪ್ರಶಿಕ್ಷಣಾರ್ಥಿಯ ಪಾಠಯೋಜನೆಯಲ್ಲೇ ಬರೆಸೋಣ. ಮಾನಿಟರ್ ಐದಾರು ವರ್ಷಕ್ಕೆ ಹಳತಾಗುತ್ತದೆ. ತನ್ನ ಕಣ್ಣನ್ನು ನಂಬಲು ಕಲಿತ ಮಗು ಮುಂದಿನ ಎಲ್ಲ ಪಟ್ಟಿಗಳನ್ನೂ ತಾನೇ ಪರೀಕ್ಷಿಸುತ್ತದೆ.